ಒಗಟಿನ ಗೇಮ್‌ಗೆ ಸಂಗೀತ ಮಾಡಿದ ಅನುಭವ ಇದ್ದವರು ಸ್ವಲ್ಪ ಹೇಳಿ

ಕೇಳಿದವರು, ಕಲಬುರಗಿ:
ನಮಸ್ಕಾರ. ಹಗಲು ನೌಕರಿ, ರಾತ್ರಿ ಕೀಬೋರ್ಡ್, ಇದು ನನ್ನ ಬದುಕು. ಗೆಳೆಯರಿಬ್ಬರು ಒಂದು ಸಣ್ಣ ಗೇಮ್ ಮಾಡುತ್ತಿದ್ದಾರೆ. ಬೀದರಿನ ಕರೇಜ್ ಥರದ್ದೇ ನೆಲದೊಳಗಿನ ನೀರಿನ ಸುರಂಗ. ಅಲ್ಲಿ ಅಡ್ಡಾಡಬೇಕು, ಒಗಟು ಬಿಡಿಸಿ ಬಾಗಿಲು ತೆರೆಯಬೇಕು. ಹೊಡೆದಾಟ ಇಲ್ಲ. ಸಂಗೀತ ನನ್ನ ಪಾಲಿಗೆ ಬಂತು. ಎರಡೆರಡು ನಿಮಿಷದ ನಾಲ್ಕು ಟ್ರ್ಯಾಕ್ ಕೊಟ್ಟೆ. ಸುಮ್ನೆ ಕೇಳಿದವರೆಲ್ಲ ಭೇಷ್ ಅಂದರು. ಆದರೆ ಆಡಿ ನೋಡಲು ಕೊಟ್ಟ ಆರು ಜನರಲ್ಲಿ ಐದು ಜನ ಹತ್ತು ನಿಮಿಷದೊಳಗೆ ಮ್ಯೂಟ್ ಮಾಡಿದರು. ಎಲ್ಲಿ ತಪ್ಪಿದೆ?

ಬೀದರ್‌ನಿಂದ:
ತಮ್ಮಾ, ನಾನೂ ಇದೇ ಗುಂಡಿಯಲ್ಲಿ ಬಿದ್ದು ಎದ್ದವನು. ಮೊದಲ ಗೇಮ್‌ಗೆ ಒಳ್ಳೆಯ ಕೊಳಲಿನ ರಾಗ ಹಾಕಿದ್ದೆ. ಅಕ್ಕನ ಮಗನಿಗೆ ಆಡಲು ಕೊಟ್ಟೆ. ಹುಡುಗ ಒಂದೇ ಬಾಗಿಲ ಮುಂದೆ ಇಪ್ಪತ್ತು ನಿಮಿಷ ಸಿಕ್ಕಿಬಿದ್ದ. ನಾಲ್ಕನೇ ಸುತ್ತಿಗೆ, ಕೊಳಲು ಮೇಲೆ ಏರುವ ಮೊದಲೇ "ಮಾಮಾ, ಈಗ ಬರ್ತದ ನೋಡು" ಅಂದ. ಆರನೇ ಸುತ್ತಿಗೆ ಬಂದ್ ಮಾಡಿದ. ಎರಡು ನಿಮಿಷದ ಟ್ರ್ಯಾಕ್ ಇಪ್ಪತ್ತು ನಿಮಿಷದಲ್ಲಿ ಹತ್ತು ಸಲ ಬರುತ್ತದೆ. ತಲೆ ಒಗಟಿನಲ್ಲಿ ಇರುವಾಗ ಕಿವಿ "ಮುಂದೇನು ಬರುತ್ತದೆ" ಅಂತ ಕಾಯತೊಡಗಿದರೆ ಮುಗೀತು.

ಈಗ ನಾನು ಇಡೀ ಟ್ರ್ಯಾಕ್ ಮಾಡುವುದನ್ನೇ ಬಿಟ್ಟಿದ್ದೇನೆ. ಮೂರು ತುಂಡು ಮಾಡುತ್ತೇನೆ: 37 ಸೆಕೆಂಡಿನದು, 53ರದು, 71ರದು. ಮೂರನ್ನೂ ಒಟ್ಟಿಗೆ ಬಿಟ್ಟು, ಒಂದೊಂದೂ ತನ್ನಷ್ಟಕ್ಕೆ ತಿರುಗಲು ಬಿಡುತ್ತೇನೆ. ಮೊದಲೆರಡು ಮತ್ತೆ ಒಟ್ಟಿಗೆ ಶುರುವಾಗಲು 1961 ಸೆಕೆಂಡ್ ಬೇಕು, ಅಂದರೆ ಅರ್ಧ ಗಂಟೆಗಿಂತ ಜಾಸ್ತಿ. ಮೂರೂ ಸೇರಲು 38 ಗಂಟೆ ದಾಟುತ್ತದೆ. ಹೊಸ ಉಪಾಯ ಏನಲ್ಲ. ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ ವಿಮಾನ ನಿಲ್ದಾಣಕ್ಕೆಂದು 1970ರ ದಶಕದ ಕೊನೆಗೆ ತಂದ ಆಲ್ಬಮ್‌ನಲ್ಲಿ ಬೇರೆ ಬೇರೆ ಉದ್ದದ ಟೇಪ್ ಸುತ್ತುಗಳನ್ನು ಹೀಗೇ ಓಡಿಸಿದ್ದರು.

ಒಂದು ತುಂಡಿನಲ್ಲಿ ಬರೀ ಶ್ರುತಿ. ಇನ್ನೊಂದರಲ್ಲಿ ಮೂರೇ ಸ್ವರ. ಮೂರನೆಯದು ಹೆಚ್ಚುಕಡಿಮೆ ಖಾಲಿ, ನಡುವೆ ಒಂದೇ ಒಂದು ಸದ್ದು. ನಾನು ಬಿದ್ರಿ ಕೆಲಸದ ಉಳಿಯ ಟಕ್ ಟಕ್ ರೆಕಾರ್ಡ್ ಮಾಡಿ ನಾಲ್ಕು ಪಟ್ಟು ನಿಧಾನ ಮಾಡಿದೆ. ಗೋಡೆಯಾಚೆ ಯಾರೋ ಕದ ಬಡಿದ ಹಾಗೆ ಕೇಳುತ್ತದೆ.

ಸಂಗೀತ ಇಲ್ಲದ ಹೊತ್ತೂ ಬೇಕು. ಮೈನ್‌ಕ್ರಾಫ್ಟ್ ಆಡಿದ್ದೀರಲ್ವಾ? ಪಿಯಾನೋ ಬರುತ್ತದೆ, ಹೋಗುತ್ತದೆ, ಆಮೇಲೆ ಎಷ್ಟೋ ಹೊತ್ತು ಮಳೆ ಮತ್ತು ಹೆಜ್ಜೆ ಸದ್ದು ಅಷ್ಟೇ. ನಿಮಗೆ ಕರೇಜ್ ಸಿಕ್ಕಿದೆ, ಅದನ್ನೇ ಬಳಸಿ. ನೌಬಾದ್ ಕಡೆ ಹೋಗಿ ನೋಡಿ. ಸುರಂಗಕ್ಕೆ ಗಾಳಿ, ಬೆಳಕು ಬರಲೆಂದು ಮೇಲಿನಿಂದ ಅಲ್ಲಲ್ಲಿ ಬಾವಿ ತೋಡಿದ್ದಾರೆ. ಗೇಮಿನಲ್ಲೂ ಆ ಬಾವಿಯ ಕೆಳಗೆ ಬಂದಾಗ ಮಾತ್ರ ಸಂಗೀತ ತಗ್ಗಲಿ, ಮೇಲಿನ ಆಡಿನ ಕೂಗು, ಗಾಳಿ ಕೇಳಲಿ. ಆಡುವವರಿಗೆ ನಕ್ಷೆ ಕೊಡುವ ಕೆಲಸವನ್ನು ಕಿವಿಯೇ ಮಾಡುತ್ತದೆ.

ಕಲಬುರಗಿಯಿಂದ, ಮಕ್ಕಳಿಗೆ ಹಿಂದೂಸ್ತಾನಿ ಹೇಳಿಕೊಡುವವಳು:
ನನಗೆ ಗೇಮ್ ಗೊತ್ತಿಲ್ಲ. ಆದರೆ ಬಿಡಿಸದ ಒಗಟು ಅಂದ ಕೂಡಲೇ ಮಾರವಾ ರಾಗ ನೆನಪಾಯಿತು. ಅದರಲ್ಲಿ ಪಂಚಮ ಇಲ್ಲ. ಷಡ್ಜ, ಅಂದರೆ ಮೂಲ ಸ್ವರವಾದ ಸ, ಇದ್ದರೂ ಹಾಡುವವರು ಅದನ್ನು ದೂರ ಇಟ್ಟು, ಕೋಮಲ ರಿಷಭ (ರಿ) ಮತ್ತು ಧೈವತದ (ಧ) ಸುತ್ತ ಸುಳಿಯುತ್ತಾರೆ. ಮನೆ ಕಣ್ಣಿಗೆ ಕಾಣುತ್ತದೆ, ಹೊಸ್ತಿಲು ಮಾತ್ರ ಸಿಗುವುದಿಲ್ಲ. ಬಾಗಿಲು ಮುಚ್ಚಿರುವವರೆಗೆ ರಿ, ಧ ಇರಲಿ. ತೆರೆದಾಗ ಒಂದೇ ಸಲ ಷಡ್ಜ ಕೊಟ್ಟು ಸುಮ್ಮನಾಗಿ. ತಂಬೂರಿಯ ಶ್ರುತಿಯಲ್ಲಿ ಮೊದಲೇ ಷಡ್ಜ ಜೋರಾಗಿ ಇಟ್ಟರೆ ಗುಟ್ಟು ರಟ್ಟು. ಮಾರವಾ ಸೂರ್ಯ ಮುಳುಗುವ ಹೊತ್ತಿನ ರಾಗ, ಸುರಂಗದಲ್ಲಿ ಹೊತ್ತು ಯಾರಿಗೆ ಗೊತ್ತಾಗುತ್ತದೆ ಬಿಡಿ. ನಮ್ಮ ಗುರುಗಳಿಗೆ ಮಾತ್ರ ಹೇಳಬೇಡಿ.

ಯಾದಗಿರಿಯಿಂದ, ಕೋಡ್ ಬರೆಯುವವನು:
ಸ್ವರದ ಮಾತು ನನಗೆ ತಿಳಿಯುವುದಿಲ್ಲ. ನನ್ನ ಕಡೆಯಿಂದ ಇಷ್ಟು. ಲೂಪ್ ಆಗಬೇಕಾದ ಫೈಲನ್ನು ಎಂಪಿ3ನಲ್ಲಿ ಕೊಡಬೇಡಿ. ಅದರ ಎನ್‌ಕೋಡರ್ ಮುಂದೆ, ಹಿಂದೆ ಚೂರು ಖಾಲಿ ಸೇರಿಸುತ್ತದೆ, ಪ್ರತಿ ಸುತ್ತಿಗೂ ಮುಗ್ಗರಿಸಿದಂತೆ ಕೇಳುತ್ತದೆ. ಓಗ್ ಅಥವಾ ವೇವ್ ಕೊಡಿ. ರಿವರ್ಬ್‌ನ, ಅಂದರೆ ಮೊಳಗಿನ, ಬಾಲ ಕತ್ತರಿಸಿ ಹೋಗುತ್ತಿದ್ದರೆ, ತುಂಡನ್ನು ಎರಡು ಸಲ ಬೆನ್ನುಬೆನ್ನಿಗೆ ನುಡಿಸಿ ಎರಡನೆಯದನ್ನು ಮಾತ್ರ ಕತ್ತರಿಸಿಕೊಳ್ಳಿ. ಮೊದಲ ಸಲದ ಬಾಲ ಅದರ ತಲೆಯ ಮೇಲೆ ಬಂದಿರುತ್ತದೆ, ಜೋಡಣೆ ಗೊತ್ತೇ ಆಗುವುದಿಲ್ಲ.

ಲೇಯರ್‌ಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಒಂದೊಂದು ತುಂಡನ್ನು, ಬೇರೆ ಬೇರೆ ಫೈಲಾಗಿ ಕೊಡಿ, ಒಂದೇ ಮಿಕ್ಸ್ ಕೊಟ್ಟರೆ ನಾವೇನೂ ಮಾಡಲಾಗುವುದಿಲ್ಲ. ನಾನು ಒಂದು ಟೈಮರ್ ಇಡುತ್ತೇನೆ. ಒಂದೇ ಕೋಣೆಯಲ್ಲಿ ನಾಲ್ಕು ನಿಮಿಷ ದಾಟಿದರೆ ಲೇಯರ್ ಒಂದೊಂದಾಗಿ ಇಳಿದು ಕೊನೆಗೆ ಬರೀ ನೀರಿನ ಸದ್ದು ಉಳಿಯುತ್ತದೆ. ಗೇಮಿನ ಸದ್ದು ನಿಭಾಯಿಸುವ ಎಫ್‌ಮಾಡ್ ಎಂಬ ತಂತ್ರಾಂಶದಲ್ಲಿ ಇದು ಸಲೀಸು, ಆದರೆ ಇಷ್ಟಕ್ಕೆ ಗೇಮ್ ಎಂಜಿನ್ ಒಂದೇ ಸಾಕು. ಮತ್ತೆ, ಒಗಟಿನ ಸುಳಿವೇ ಸದ್ದಾಗಿದ್ದರೆ ಅಲ್ಲಿ ಸಂಗೀತ ಪೂರ್ತಿ ಬಂದ್. ಫೋನಿನ ಸ್ಪೀಕರ್‌ನಲ್ಲೂ ಒಮ್ಮೆ ಕೇಳಿ ನೋಡ್ರಿ. ಹೆಡ್‌ಫೋನ್‌ನಲ್ಲಿ ಎದೆ ನಡುಗಿಸುವ ತಳದ ಸ್ವರ ಅಲ್ಲಿ ಮಾಯ.

ಹೆಸರು ಬೇಡ ಎಂದವರು:
ದುಡ್ಡಿನ ಮಾತು ಮೊದಲೇ ಬರೆದಿಟ್ಟುಕೊಳ್ಳಿ, ಗೆಳೆಯರಾದರೂ ಸರಿ. ನಾನು ಒಬ್ಬರಿಗೆ ಬಾಯಿಮಾತಿನ ಮೇಲೆ ಮಾಡಿಕೊಟ್ಟೆ. ಗೇಮ್ ಬಂತು, ದುಡ್ಡು ಬರಲಿಲ್ಲ.

ಕಲಬುರಗಿಯಿಂದ ಮತ್ತೊಬ್ಬರು:
ಸುರಂಗದ ರಿವರ್ಬ್ ಹುಡುಕಿಕೊಂಡು ಎಲ್ಲಿಗೂ ಹೋಗಬೇಡಿ. ಮನೆಯ ಸಂಪ್ ತೊಳೆಯುವ ದಿನ ಕಾಯಿರಿ. ಖಾಲಿ ಸಂಪಿನೊಳಗೆ ಫೋನ್ ಇಳಿಬಿಟ್ಟು, ಸಂಪಿನ ಬಾಯಿಯ ಹತ್ತಿರ ಒಂದು ಬಲೂನ್ ಒಡೆಯಿರಿ. ಆ "ಠಪ್" ಮತ್ತು ಅದರ ಮೊಳಗನ್ನು ಕನ್ವಲ್ಯೂಷನ್ ರಿವರ್ಬ್ ಪ್ಲಗಿನ್‌ಗೆ ಹಾಕಿದರೆ, ಯಾವ ಸದ್ದು ಕೊಟ್ಟರೂ ನಿಮ್ಮ ಸಂಪಿನೊಳಗೆ ನುಡಿದ ಹಾಗೆ ಕೇಳುತ್ತದೆ. ನಾನು ಒಮ್ಮೆ ಹಳೆಯ ಗುಮ್ಮಟದಲ್ಲಿ ಬಲೂನ್ ಒಡೆಯಲು ಹೋಗಿ ಕಾವಲುಗಾರರಿಂದ ಬೈಸಿಕೊಂಡಿದ್ದೇನೆ. ತಪ್ಪು ನನ್ನದೇ. ರೆಕಾರ್ಡಿಂಗ್ ಏನಿದ್ದರೂ ಬೆಳಗಿನ ಐದಕ್ಕೆ ಮುಗಿಸಿ. ನಮ್ಮೂರ ಏಪ್ರಿಲ್‌ನಲ್ಲಿ ಹತ್ತು ಗಂಟೆಗೆ ಫ್ಯಾನು, ಕೂಲರ್ ಬಂದ್ ಮಾಡಿ ಕೂತರೆ ಸಂಗೀತ ಅಲ್ಲ, ಪ್ರಾಣ ಹೋಗುತ್ತದೆ.

ಕೇಳಿದವರು, ಎರಡು ವಾರದ ನಂತರ:
ಎಲ್ಲರಿಗೂ ಶರಣು. ಹಳೆಯ ನಾಲ್ಕರಲ್ಲಿ ಮೂರು ಟ್ರ್ಯಾಕ್ ತೆಗೆದುಹಾಕಿದೆ, ಹೊಟ್ಟೆ ಉರಿಯಿತು. 37, 53, 71ರ ಲೆಕ್ಕ ಹಿಡಿದೆ. ಮತ್ತೆ ನಾಲ್ಕು ಜನರಿಗೆ ಕೊಟ್ಟೆ, ಮ್ಯೂಟ್ ಮಾಡಿದವರು ಒಬ್ಬರೇ, ಅದೂ ಪಕ್ಕದಲ್ಲಿ ಮಗು ಮಲಗಿತ್ತಂತೆ. ಮಾರವಾ ಖರೆ ಕೂಡಿ ಬಂತು. ಆದರೆ ಷಡ್ಜ ಯಾರಿಗೂ ಕೇಳಿಸಲಿಲ್ಲ! ಕಲ್ಲಿನ ಬಾಗಿಲು ಸರಿಯುವ ಗರಗರ ಸದ್ದು ಅದನ್ನು ನುಂಗಿಬಿಟ್ಟಿತ್ತು. ಈಗ ಬಾಗಿಲು ಪೂರ್ತಿ ನಿಂತು ಒಂದೂವರೆ ಸೆಕೆಂಡ್ ಆದ ಮೇಲೆ ಷಡ್ಜ ಬರುವಂತೆ ಮಾಡಿದ್ದೇವೆ. ಭಾನುವಾರ ಸಂಪ್ ತೊಳೆಯುವವರು ಬರುತ್ತಾರೆ. ಬಲೂನಿನ ವಿಷಯ ಅಮ್ಮನಿಗೆ ಇನ್ನೂ ಹೇಳಿಲ್ಲ.