ಅಪ್‌ಡೇಟ್: ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಬಂದೆ

ಹೋದ ತಿಂಗಳು ಕೇಳಿದ್ದೆ: ಡೈವೋರ್ಸ್ ಆಗಿ ಮೂರು ವರ್ಷ, ಐಂಡ್‌ಹೋವನ್‌ನಲ್ಲಿ ಒಬ್ಬನೇ ಇದ್ದೇನೆ, ದುಡ್ಡು ಕೊಟ್ಟು ಒಬ್ಬ ಸಂಗಾತಿಯ ಜೊತೆ ಎರಡು ದಿನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಳೆಯಲಾ ಅಂತ. ಹೋಗಿ ಬಂದೆ.

ಕಾನೂನಿನ ಬಗ್ಗೆ ಕೇಳಿದವರಿಗೆ ಮೊದಲು ಹೇಳಿಬಿಡುತ್ತೇನೆ. ನೆದರ್‌ಲ್ಯಾಂಡ್ಸ್‌ನಲ್ಲಿ ಇದು ಅಪರಾಧವಲ್ಲ. ವೇಶ್ಯಾಗೃಹಗಳ ಮೇಲಿದ್ದ ನಿಷೇಧವೂ 2000ರಲ್ಲೇ ಹೋಯಿತು. ಲೈಸೆನ್ಸ್ ಇರುವ ಏಜೆನ್ಸಿ ಮೂಲಕವೇ ಹೋದೆ. ಏನು ಸರಿ, ಏನು ಬೇಡ ಅಂತ ಅವರು ಮೊದಲೇ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದರು. ಅದರಿಂದ ನನಗೇ ಜಾಸ್ತಿ ನಿರಾಳ ಆಯಿತು.

ಹೋಟೆಲ್ ಕಾಲುವೆ ದಂಡೆಯಲ್ಲೇ. ಕಿಟಕಿ ತೆರೆದರೆ ಕೆಳಗೆ ನೀರು, ದೋಣಿಗಳು. ಶನಿವಾರ ರೈಕ್ಸ್‌ಮ್ಯೂಸಿಯಂಗೆ ಹೋದೆವು. ಅಲ್ಲಿ ಡಚ್ ಚಿತ್ರಕಾರ ವರ್ಮೀರ್ ಬರೆದ, ಹಾಲು ಸುರಿಯುವ ಹೆಂಗಸಿನ ಚಿತ್ರ ಇದೆ, ಅರ್ಧ ಮೀಟರ್ ಎತ್ತರವೂ ಇಲ್ಲ. ಅದರ ಮುಂದೆ ಸುಮ್ನೆ ಕಾಲು ಗಂಟೆ ನಿಂತೆವು. ಚಿತ್ರದಲ್ಲಿ ಆ ಹೆಂಗಸಿನ ಹಿಂದಿನ ಗೋಡೆಯಲ್ಲಿ ಒಂದು ಮೊಳೆ, ಅದಕ್ಕೊಂದು ಪುಟ್ಟ ನೆರಳು. ಅದನ್ನು ನನ್ನ ಜೊತೆಗಿದ್ದವರೇ ತೋರಿಸಿದರು. ನಮ್ಮಮ್ಮನೂ ಹೀಗೇ ತಲೆ ತಗ್ಗಿಸಿ ಹಾಲು ಬಗ್ಗಿಸುತ್ತಾಳೆ ಅಂದೆ. ಅವರು ಏನೂ ಹೇಳದೆ ನನ್ನ ಕೈ ಹಿಡಿದುಕೊಂಡರು. ಕಣ್ಣು ತುಂಬಿ ಬಂತು.

ರಾತ್ರಿಯದು ನಮ್ಮಿಬ್ಬರಲ್ಲೇ ಇರಲಿ. ಬೆಳಿಗ್ಗೆ ಟೇಬಲ್ ಮೇಲೆ ಎರಡು ಕಾಫಿ ಕಪ್ ಇದ್ದವು. ಎಷ್ಟು ದಿನ ಆಗಿತ್ತು ಅದನ್ನು ನೋಡಿ!

ಇದನ್ನೇ ಪ್ರೀತಿ ಅಂದುಕೊಳ್ಳಬೇಡಿ ಅಂತ ಒಬ್ಬರು ಎಚ್ಚರಿಸಿದ್ದಿರಿ, ಅಲ್ವಾ? ಅಂದುಕೊಂಡಿಲ್ಲ. ಭಾನುವಾರ ಸ್ಟೇಷನ್‌ನಲ್ಲಿ ಥ್ಯಾಂಕ್ಸ್ ಹೇಳಿದೆ, ನಂಬರ್ ಕೇಳಲಿಲ್ಲ. ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದೆ.