ಬೆಳವಣಿಗೆ ಹಾರ್ಮೋನಿನಿಂದ ರೋಗ ನಿರೋಧಕ ಶಕ್ತಿ ಹೆಚ್ಚುತ್ತದಾ?

ಶಿರಸಿ ಅಕ್ಕ: ಮಗನಿಗೆ 9 ವರ್ಷ. ಬೆಳವಣಿಗೆ ಹಾರ್ಮೋನಿನ ಕೊರತೆ ಇದೆ ಅಂತ ಗೊತ್ತಾಗಿ ದಿನಾ ರಾತ್ರಿ ಇಂಜೆಕ್ಷನ್ ಕೊಡುತ್ತಿದ್ದೇವೆ. ಈ ಮಳೆಗಾಲ ಅವನಿಗೆ ನೆಗಡಿ, ಜ್ವರ ಕಡಿಮೆ. ಇದು ಹಾರ್ಮೋನಿನ ಗುಣವೇ?

ಕಾರವಾರ ಜಿಮ್: ಖಂಡಿತ ಅಕ್ಕಾ. ಎದೆಮೂಳೆಯ ಹಿಂದೆ ಥೈಮಸ್ ಅಂತ ಗ್ರಂಥಿ ಇದೆ. ಸೋಂಕಿನ ವಿರುದ್ಧ ಹೋರಾಡುವ ಟಿ ಕಣಗಳು ಪಳಗುವುದು ಅಲ್ಲೇ. ವಯಸ್ಸಾದಂತೆ ಅದು ಸೊರಗಿ ಕೊಬ್ಬು ತುಂಬುತ್ತದೆ. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 51ರಿಂದ 65 ವರ್ಷದ 9 ಗಂಡಸರಿಗೆ ಒಂದು ವರ್ಷ ಈ ಹಾರ್ಮೋನು ಕೊಟ್ಟರು. ಥೈಮಸ್ ಮತ್ತೆ ಚಿಗುರಿದ ಲಕ್ಷಣ ಕಂಡಿತು. 40 ದಾಟಿದವರೆಲ್ಲ ತಗೊಳ್ಳಬೇಕು ಅಂತ ನಾನು ಹೇಳುವುದು ಇದಕ್ಕೇ.

ಕುಮಟಾ ನರ್ಸ್: "ಎಲ್ಲ ತಗೊಳ್ಳಬೇಕು" ಅನ್ನಬೇಡ ತಮ್ಮಾ. ಅದೇ 9 ಜನರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್, ಡಿಎಚ್‌ಇಎ ಎಂಬ ಇನ್ನೊಂದು ಹಾರ್ಮೋನು ಕೂಡ ಕೊಟ್ಟಿದ್ದರು. ಹೋಲಿಸಿ ನೋಡಲು ಬೇರೆ ಗುಂಪೇ ಇರಲಿಲ್ಲ. 1999ರಲ್ಲಿ ಐಸಿಯುನಲ್ಲಿದ್ದ 532 ರೋಗಿಗಳ ಮೇಲೆ ನಡೆದ ಎರಡು ಪ್ರಯೋಗಗಳ ವಿಷಯ ಯಾಕೆ ಬಿಟ್ಟೆ? ಹಾರ್ಮೋನು ಪಡೆದವರಲ್ಲಿ ಸಾವು ಸುಮಾರು ಎರಡು ಪಟ್ಟು.

ಕಾರವಾರ ಜಿಮ್: ಐಸಿಯು ಅಂತ ನೀವೇ ಹೇಳಿದಿರಿ. ನಾನು ಆರೋಗ್ಯವಂತರ ಮಾತು ಆಡುತ್ತಿದ್ದೇನೆ. ಸ್ಟ್ಯಾಟ್5ಬಿ ಎಂಬ ಜೀನು ಕೆಟ್ಟ ಮಕ್ಕಳು ಬೆಳೆಯುವುದೂ ಇಲ್ಲ, ಸೋಂಕಿನಿಂದಲೂ ನರಳುತ್ತಾರೆ. ಹಾರ್ಮೋನಿನ ಸಂದೇಶ ಜೀವಕೋಶದೊಳಗೆ ಹೋಗುವುದು ಅದರ ಮೂಲಕವೇ. ಇನ್ನೇನು ಬೇಕು?

ಕುಮಟಾ ನರ್ಸ್: ಟಿ ಕಣಗಳಿಗೆ ಬೇಕಾದ ಐಎಲ್-2 ಎಂಬ ಪ್ರೋಟೀನಿನ ಸಂದೇಶವೂ ಅದೇ ದಾರಿಯಲ್ಲಿ ಹೋಗುತ್ತದೆ. ತಪ್ಪನ್ನೆಲ್ಲ ಒಂದೇ ಹಾರ್ಮೋನಿನ ತಲೆಗೆ ಕಟ್ಟಿದರೆ ಹೇಗೆ?

ಅಂಕೋಲಾ ಮಾಸ್ತರ್: ಇಂಜೆಕ್ಷನ್ ಯಾಕೆ ಬೇಕು? ಈ ಹಾರ್ಮೋನು ಅತಿ ಹೆಚ್ಚು ಸುರಿಯುವುದು ನಿದ್ದೆ ಹತ್ತಿದ ಮೊದಲ ತಾಸುಗಳಲ್ಲಿ. ನಮ್ಮೂರಲ್ಲಿ ಬೆಳಗಿನ ತನಕ ಯಕ್ಷಗಾನದ ಆಟ ನೋಡಿ ಮರುದಿನ ಮೂಗು ಸೋರಿಸಿಕೊಂಡು ಶಾಲೆಗೆ ಬರುವ ಮಕ್ಕಳನ್ನು ನಾನೇ ನೋಡಿದ್ದೇನೆ.

ಹೊನ್ನಾವರ ಭಾವ: ಯಕ್ಷಗಾನದ ಮೇಲೆ ಯಾಕೆ ಗೂಬೆ ಕೂರಿಸುತ್ತೀರಿ ಮಾಸ್ತರರೇ? ನಮ್ಮ ಅಜ್ಜ 80ರ ತನಕ ಬಯಲಲ್ಲಿ ಚಾಪೆ ಹಾಸಿ ಇಡೀ ರಾತ್ರಿ ಆಟ ನೋಡಿದವರು. ಆಸ್ಪತ್ರೆ ಮೆಟ್ಟಿಲು ಹತ್ತಿದವರಲ್ಲ.

ಅಂಕೋಲಾ ಮಾಸ್ತರ್: ಅಜ್ಜನ ಕತೆ ಪುರಾವೆ ಅಲ್ಲ. 2003ರಲ್ಲಿ 19 ಜನರಿಗೆ ಹೆಪಟೈಟಿಸ್ ಎ ಲಸಿಕೆ ಕೊಟ್ಟು ನೋಡಿದ್ದಾರೆ. ಆ ರಾತ್ರಿ ಮಲಗಿದವರಲ್ಲಿ ನಾಲ್ಕು ವಾರದ ನಂತರ ರೋಗಾಣು ತಡೆಯುವ ಪ್ರತಿಕಾಯ, ಎಚ್ಚರ ಇದ್ದವರಿಗಿಂತ ಸುಮಾರು ಎರಡು ಪಟ್ಟು. ಅವರಲ್ಲಿ ಬೆಳವಣಿಗೆ ಹಾರ್ಮೋನೂ ಜಾಸ್ತಿ ಇತ್ತು.

ಹೊನ್ನಾವರ ಭಾವ: 19 ಜನ! ಅವರೇನು ಆಟ ನೋಡುತ್ತಿದ್ದರೇ? ಆಟ ನೋಡಿದವರು ಮರುದಿನ ಮಧ್ಯಾಹ್ನ ಊಟ ಮಾಡಿ ಮಲಗುತ್ತಾರೆ. ನಿದ್ದೆ ತಡವಾದರೆ ಹಾರ್ಮೋನೂ ತಡವಾಗಿ ಬರುತ್ತದೆ. ಗಡಿಯಾರಕ್ಕಿಂತ ಗಾಢ ನಿದ್ದೆ ಮುಖ್ಯ.

ಅಂಕೋಲಾ ಮಾಸ್ತರ್: "ಮಧ್ಯಾಹ್ನ ಮಲಗುತ್ತಾರೆ" ಅಂತೆ. ಶಾಲೆಗೆ ಬಂದ ಮಗು ಎಲ್ಲಿ ಮಲಗಬೇಕು, ನನ್ನ ಮೇಜಿನ ಮೇಲೋ? ನಲವತ್ತು ಮಕ್ಕಳನ್ನು ಸಂಭಾಳಿಸಿ ನೋಡಿ, ಆಮೇಲೆ ಮಾತಾಡಿ.

ಹೊನ್ನಾವರ ಭಾವ: ಮೇಳಗಳು ಈಗ ಕಾಲಮಿತಿ ಆಟಕ್ಕೆ ಇಳಿದಿದ್ದೇ ನಿಮ್ಮಂಥವರ ಮಾತಿನಿಂದ. ಭಾಗವತರು, ವೇಷಧಾರಿಗಳು ತಿಂಗಳುಗಟ್ಟಲೆ ರಾತ್ರಿ ಎದ್ದಿರುತ್ತಾರೆ. ಅವರ ದುಡಿಮೆಗೆ ಮರ್ಯಾದೆ ಕೊಡಿ.

ಶಿರಸಿ ಅಕ್ಕ: ನನ್ನ ಮಗನ ವಿಷಯ ಯಾರಾದರೂ ಹೇಳುತ್ತೀರಾ?

ಕುಮಟಾ ನರ್ಸ್: ಅಕ್ಕಾ, ಟಿ ಕಣ, ಪ್ರತಿಕಾಯ ತಯಾರಿಸುವ ಬಿ ಕಣಗಳ ಮೇಲೆ ಈ ಹಾರ್ಮೋನನ್ನು ಹಿಡಿಯುವ ಗ್ರಾಹಿಗಳು ಇರುವುದು ನಿಜ. ಆದರೆ ಬರೀ ಈ ಹಾರ್ಮೋನಿನ ಕೊರತೆ ಇರುವ ಮಕ್ಕಳು ಸಾಮಾನ್ಯವಾಗಿ ಪದೇ ಪದೇ ಸೋಂಕಿಗೆ ಬೀಳುವುದಿಲ್ಲ. ಮಕ್ಕಳು ದೊಡ್ಡವರಾದಂತೆ ನೆಗಡಿ ತಾನಾಗಿಯೇ ಕಡಿಮೆ ಆಗುತ್ತದೆ. ಇಂಜೆಕ್ಷನ್ ಕೊಡುತ್ತಿರುವುದು ಎತ್ತರಕ್ಕೆ. ಲಸಿಕೆ ತಪ್ಪಿಸಬೇಡಿ.

ಕಾರವಾರ ಜಿಮ್: "ಗ್ರಾಹಿಗಳು ಇರುವುದು ನಿಜ." ನೋಡಿ, ಒಪ್ಪಿಕೊಂಡರು!

ಕುಮಟಾ ನರ್ಸ್: ಬಾಗಿಲು ಇದ್ದ ಮಾತ್ರಕ್ಕೆ ಎಲ್ಲರೂ ನುಗ್ಗಬೇಕು ಅಂತ ಅಲ್ಲ. ಸಕ್ಕರೆ ಏರುತ್ತದೆ, ಕೈಕಾಲು ಬಾತುಕೊಳ್ಳುತ್ತದೆ. ನಿನ್ನ ಜಿಮ್ಮಿನ ಹುಡುಗರಿಗೆ ಇದನ್ನು ಹೇಳಿದ್ದೀಯಾ?

ಶಿರಸಿ ಅಕ್ಕ: ಲಸಿಕೆ ಚೀಟಿ ಹುಡುಕಿ ತೆಗೆದೆ. ಒಂದು ಬಾಕಿ ಇದೆ. ಸೋಮವಾರ ಹೋಗುತ್ತೇವೆ.

ಹೊನ್ನಾವರ ಭಾವ: ಮಾಸ್ತರರೇ, ಉತ್ತರ ಎಲ್ಲಿ?