ಮುಂಕ್ ಚಿತ್ರದ ಮೇಲೆ ಅಷ್ಟೊಂದು ಗೀರು ಯಾಕೆ?

ಕಲಬುರಗಿ ಹುಡುಗಿ:
ಇಲ್ಲೇ ಕಲಬುರಗಿಯಲ್ಲಿ ಚಿತ್ರಕಲೆ ಓದುತ್ತಿದ್ದೇನೆ. ನಮ್ಮೂರಿನ ಎಸ್.ಎಂ. ಪಂಡಿತರ ಪೌರಾಣಿಕ ಚಿತ್ರ ನೋಡುತ್ತಾ ಬೆಳೆದವಳು. ಅಲ್ಲಿ ಮೈಕಟ್ಟು, ಒಡವೆ, ಬೆಳಕು ಎಲ್ಲ ಕಣ್ಣಿಗೆ ಕಟ್ಟಿದ ಹಾಗಿರುತ್ತದೆ. ಮೊನ್ನೆ ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್‌ನ ‘ಕಾಯಿಲೆಯ ಮಗು’ ನೋಡಿದೆ. ಕೈಗಳು ಬರೀ ಬಣ್ಣದ ಮುದ್ದೆ, ಮೈತುಂಬ ಗೀರು. ಆದರೂ ಗಂಟಲು ಕಟ್ಟಿತು. ಕೈಯನ್ನೇ ಸರಿಯಾಗಿ ಬರೆಯದೆ ಅಷ್ಟು ಸಂಕಟ ಹೇಗೆ ಬಂತು?

ಯಾದಗಿರಿ ಡ್ರಾಯಿಂಗ್ ಮೇಷ್ಟ್ರು:
ತಂಗಿ, ಮೊದಲು ಆ ಮನೆಯ ಕಥೆ ಕೇಳಮ್ಮ. 1868ರಲ್ಲಿ ತಾಯಿ ಕ್ಷಯದಿಂದ ತೀರಿಕೊಂಡಾಗ ಮುಂಕ್‌ಗೆ 5 ವರ್ಷ. 1877ರಲ್ಲಿ ಅದೇ ರೋಗಕ್ಕೆ ಅಕ್ಕ ಸೋಫಿ ಹೋದಳು, 15 ವರ್ಷದ ಹುಡುಗಿ. 1885ರಲ್ಲಿ ಈ ಚಿತ್ರಕ್ಕೆ ಕೈ ಹಾಕಿದ. ಬಳಿದ, ಕೆರೆದ, ಮತ್ತೆ ಬಳಿದ. ಆ ಗೀರುಗಳನ್ನು ಮುಚ್ಚಲಿಲ್ಲ.

ಇನ್ನೊಮ್ಮೆ ನೋಡು. ಪಕ್ಕದಲ್ಲಿ ಕೂತ ಹೆಂಗಸು ತಲೆ ಬಗ್ಗಿಸಿದ್ದಾಳೆ, ಮುಖ ಕಾಣುವುದಿಲ್ಲ. ಹುಡುಗಿ ಅಳುತ್ತಿಲ್ಲ, ಅವಳನ್ನು ದಾಟಿ ಎಲ್ಲೋ ನೋಡುತ್ತಿದ್ದಾಳೆ. ಅಂದರೆ ಅಳುವ ಮುಖವೇ ಚಿತ್ರದಲ್ಲಿಲ್ಲ! ಇಬ್ಬರ ಕೈ ಕೂಡುವ ಕಡೆ ಯಾರ ಬೆರಳು ಯಾವುದು ಅಂತ ಗೊತ್ತಾಗುವುದಿಲ್ಲ. ಬೆರಳು ಎಣಿಸುವ ಹಾಗೆ ಬರೆದಿದ್ದರೆ ನಾವು ಬೆರಳನ್ನೇ ನೋಡುತ್ತಿದ್ದೆವು, ಹಿಡಿದುಕೊಂಡದ್ದನ್ನಲ್ಲ.

ಬೀದರ್ ಅಕ್ಕ:
ಸರ್ ಹೇಳಿದ್ದು ನಿಜ. ಆದರೆ ಸುಮ್ನೆ ಗೀರಿದರೆ ಭಾವನೆ ಬರುತ್ತದೆ ಅಂದುಕೊಳ್ಳಬೇಡಮ್ಮ. ಬಿಳಿ ದಿಂಬಿನ ಮೇಲೆ ಆ ಕೆಂಚು ಕೂದಲು ಇಟ್ಟಿರುವುದು ನೋಡು, ಎಷ್ಟು ಲೆಕ್ಕ ಹಾಕಿ ಇಟ್ಟದ್ದು! ಪಂಡಿತರದು ಬೇರೆ ದಾರಿ, ಕೀಳು ದಾರಿಯಲ್ಲ. 1886ರಲ್ಲಿ ಮುಂಕ್ ಈ ಚಿತ್ರ ಪ್ರದರ್ಶನಕ್ಕಿಟ್ಟಾಗ ಜನ ನೋಡಿ ನಕ್ಕರು, ಅರೆಬರೆ ಕೆಲಸ ಅಂದರು. ಅವನು ಬಿಡಲಿಲ್ಲ. 40 ವರ್ಷಗಳಲ್ಲಿ ಇದನ್ನೇ ಒಟ್ಟು 6 ಸಲ ಬರೆದ. 1907ರದ್ದೊಂದು ಜರ್ಮನಿಯ ಡ್ರೆಸ್ಡನ್‌ನಲ್ಲಿತ್ತು. ನಾಜಿಗಳು ಮ್ಯೂಸಿಯಂನಿಂದ ಕಿತ್ತು ಮಾರಿದರು, ಈಗ ಲಂಡನ್ನಿನ ಟೇಟ್ ಮ್ಯೂಸಿಯಂ‌ನಲ್ಲಿದೆ. ಬಣ್ಣ ಜಾಸ್ತಿ ಗಾಢ. ನನಗೆ ಮಾತ್ರ ಮೊದಲನೆಯದೇ ಇಷ್ಟ.

ಕಲಬುರಗಿ ಹುಡುಗಿ:
ಅಳುವ ಮುಖ ಇಲ್ಲ ಅನ್ನೋದು ನನಗೆ ಹೊಳೆದೇ ಇರಲಿಲ್ಲ ಸರ್. ನಮ್ಮ ಅಜ್ಜಿ ಹಾಸಿಗೆ ಹಿಡಿದಿದ್ದಾರೆ. ಅವರನ್ನು ಬರೆಯಬೇಕು ಅಂತಿದೆ. ಹಾರ್ಡ್‌ಬೋರ್ಡ್ ಮೇಲೆ ಅಕ್ರಿಲಿಕ್‌ನಲ್ಲಿ ಹೀಗೆ ಗೀರಬಹುದಾ?

ಯಾದಗಿರಿ ಡ್ರಾಯಿಂಗ್ ಮೇಷ್ಟ್ರು:
ನಮ್ಮ ಬಿಸಿಲಿಗೆ ಅಕ್ರಿಲಿಕ್ ನೋಡನೋಡುತ್ತಲೇ ಒಣಗುತ್ತದೆ. ಆಯಿಲ್ ಬಣ್ಣ ತಗೋ. ಕೆಳಗಿನ ಪದರ ಪೂರ್ತಿ ಒಣಗಲಿ, ಮೇಲಿನದು ಹಸಿ ಇರುವಾಗ ಬ್ರಷ್‌ನ ಹಿಡಿ ತುದಿಯಿಂದ ಗೀರು. ಅಜ್ಜಿ ಎಚ್ಚರ ಇರುವಾಗ ಪಕ್ಕ ಕೂತು ಪೆನ್ಸಿಲ್‌ನಲ್ಲಿ ಮೊದಲು ಕೈಗಳನ್ನು ಬರಿ.